ಮಾಲೀಕರು ಹೊರಟ ಮೇಲೆ ಉಳಿಯುವ ಲಾಭ: ಖಾಸಗಿ ಉದ್ಯಮವೊಂದರ ಬೆಲೆ ನಿರ್ಣಯ

ಷೇರುಪೇಟೆಯಲ್ಲಿ ಕೈ ಬದಲಾಗುವ ಕಂಪನಿಗೆ ದಿನವೂ ಒಂದು ಬೆಲೆ ಇರುತ್ತದೆ. ಆ ಬೆಲೆ ಸರಿಯೋ ತಪ್ಪೋ ಎಂದು ವಾದಿಸಬಹುದಾದರೂ ಅಷ್ಟಕ್ಕೆ ಕೊಳ್ಳುವವರೂ ಮಾರುವವರೂ ಇದ್ದಾರೆಂಬುದಂತೂ ನಿಜ. ಒಂದು ಕುಟುಂಬವೋ ಇಬ್ಬರು ಮೂವರು ಪಾಲುದಾರರೋ ಕಟ್ಟಿ ಬೆಳೆಸಿದ ಉದ್ಯಮಕ್ಕೆ ಈ ಅನುಕೂಲವಿಲ್ಲ. ಅದರ ಬೆಲೆಯ ಪ್ರಶ್ನೆ ಹಲವು ವೇಳೆ ಮಾಲೀಕರ ಜೀವಮಾನದಲ್ಲಿ ಒಮ್ಮೆ ಮಾತ್ರ ಏಳುತ್ತದೆ. ಆಗ ಅವರ ಕೈಯಲ್ಲಿರುವುದು ಲೆಕ್ಕಪುಸ್ತಕ, ಅಲ್ಲಿ ಇಲ್ಲಿ ಕೇಳಿದ ಒಂದಿಷ್ಟು ಮಾತು ಮತ್ತು ದಶಕಗಳ ದುಡಿಮೆಗೆ ತಕ್ಕ ಫಲ ಬರಬೇಕೆಂಬ ನ್ಯಾಯವಾದ ಹಂಬಲ. ಆ ಹಂಬಲಕ್ಕೂ ಕೊಳ್ಳುವವರು ಕೊಡಲು ಒಪ್ಪುವ ಮೊತ್ತಕ್ಕೂ ನಡುವಿನ ಅಂತರ ಎಲ್ಲಿ ಹುಟ್ಟುತ್ತದೆ ಎಂಬುದನ್ನು ಒಂದೇ ಪ್ರಕರಣದ ಮೂಲಕ ಕೊನೆಯವರೆಗೆ ಹಿಂಬಾಲಿಸುವುದು ಈ ಬರಹದ ಉದ್ದೇಶ. ಪ್ರಕರಣವು ವಿವರಣೆಗೆಂದು ಕಟ್ಟಿಕೊಂಡದ್ದು. ಅದರ ಅಂಕಿಗಳು ಯಾವ ನಿಜವಾದ ಸಂಸ್ಥೆಯವೂ ಅಲ್ಲ. ಮೊತ್ತಗಳೆಲ್ಲ ಲಕ್ಷಗಳಲ್ಲಿವೆ, ಯಾವ ದೇಶದ ಹಣವೆಂದು ಭಾವಿಸಿದರೂ ಲೆಕ್ಕದ ದಾರಿ ಬದಲಾಗುವುದಿಲ್ಲ.

ಪ್ರಕರಣದ ಹಿನ್ನೆಲೆ

ಸಂಸ್ಥೆಯು ಕಾರ್ಖಾನೆಗಳಿಗೆ ಬೇಕಾದ ಪಂಪು ಮತ್ತು ಕವಾಟಗಳ ಬಿಡಿಭಾಗಗಳನ್ನು ತಯಾರಿಸುತ್ತದೆ, ಅವುಗಳ ದುರಸ್ತಿಯನ್ನೂ ವಹಿಸಿಕೊಳ್ಳುತ್ತದೆ. ಆರಂಭವಾಗಿ 26 ವರ್ಷಗಳಾಗಿವೆ. ಷೇರುಗಳಲ್ಲಿ 80 ಶೇಕಡಾ ಮಾಲೀಕರದು. ಆರಂಭದಲ್ಲಿ ಹಣ ಹಾಕಿ ಆಡಳಿತದಿಂದ ದೂರವೇ ಉಳಿದ ಅವರ ತಮ್ಮನದು 20 ಶೇಕಡಾ. ಮಾಲೀಕರಿಗೆ ಈಗ 61 ವರ್ಷ. ಮಕ್ಕಳು ಬೇರೆ ವೃತ್ತಿ ಹಿಡಿದಿದ್ದಾರೆ. ಬೆಲೆ ಹೇಳುವುದು, ದೊಡ್ಡ ಗ್ರಾಹಕರೊಡನೆ ಮಾತಾಡುವುದು, ಕಷ್ಟದ ದುರಸ್ತಿಗೆ ದಾರಿ ಹುಡುಕುವುದು, ಇವೆಲ್ಲ ಮಾಲೀಕರ ಕೈಯಲ್ಲೇ ಇವೆ. ಲೆಕ್ಕಪತ್ರಗಳನ್ನು ಅವರ ಪತ್ನಿ ಸಂಬಳವಿಲ್ಲದೆ ನೋಡಿಕೊಳ್ಳುತ್ತಾರೆ. ಕಾರ್ಯಾಗಾರದ ಕಟ್ಟಡ ಕಂಪನಿಯದಲ್ಲ, ಮಾಲೀಕರ ಸ್ವಂತದ್ದು. ಕಂಪನಿ ವರ್ಷಕ್ಕೆ 6 ಲಕ್ಷ ಬಾಡಿಗೆ ಕೊಡುತ್ತದೆ.

ಕಳೆದ ಮೂರು ವರ್ಷಗಳ ಮಾರಾಟ ಕ್ರಮವಾಗಿ 720, 765 ಮತ್ತು 840. ಮೂರನೆಯ ವರ್ಷ ತೆರಿಗೆಗೆ ಮುಂಚಿನ ಪುಸ್ತಕ ಲಾಭ 84. ಅದಕ್ಕೆ ಬಡ್ಡಿ 10 ಮತ್ತು ಸವಕಳಿ (ಯಂತ್ರಗಳ ಸವೆತಕ್ಕೆಂದು ಪುಸ್ತಕದಲ್ಲಿ ಬರೆಯುವ ಖರ್ಚು) 22 ಕೂಡಿಸಿದರೆ, ಬಡ್ಡಿ, ತೆರಿಗೆ, ಸವಕಳಿ ಮೂರನ್ನೂ ಕಳೆಯುವ ಮುಂಚಿನ ಲಾಭ 116 ಆಗುತ್ತದೆ. ಮುಂದೆ ಇದನ್ನು ಸವಕಳಿಪೂರ್ವ ಲಾಭವೆಂದು ಕರೆಯುತ್ತೇನೆ.

ಮಾಲೀಕರ ಮನಸ್ಸಿನಲ್ಲಿದ್ದ ಬೆಲೆ 936. ಅವರ ಲೆಕ್ಕ ಹೀಗಿತ್ತು: 116ಕ್ಕೆ ಕಂಪನಿಯ ಹೆಸರಿನಲ್ಲಿ ಬರೆದ ಸ್ವಂತ ಖರ್ಚು 9, ಕೆಲಸಕ್ಕೆ ಬಾರದೆ ಸಂಬಳ ಪಡೆಯುವ ಬಂಧುವೊಬ್ಬರ 8, ಒಮ್ಮೆ ಮಾತ್ರ ಕೊಡಬೇಕಾಗಿ ಬಂದ ವ್ಯಾಜ್ಯದ ಪರಿಹಾರ 11, ತಮ್ಮ ಸ್ವಂತ ಸಂಬಳ 12 ಇಷ್ಟನ್ನೂ ಕೂಡಿಸಿದರೆ 156. ಅವರ ಪರಿಚಿತರೊಬ್ಬರ ಉದ್ಯಮ ಲಾಭದ ಆರು ಪಟ್ಟಿಗೆ ಮಾರಾಟವಾಗಿತ್ತು. 156ರ ಆರು ಪಟ್ಟು 936. ಈ ಲೆಕ್ಕದಲ್ಲಿ ದುರಾಸೆಯೇನೂ ಇಲ್ಲ. ಒಂದೊಂದು ಹೆಜ್ಜೆಗೂ ಕಾರಣವಿದೆ, ಕೆಲವು ಹೆಜ್ಜೆಗಳು ಸರಿಯಾಗಿಯೂ ಇವೆ. ತಪ್ಪು ಇರುವುದು ಬಿಟ್ಟುಹೋದ ಹೆಜ್ಜೆಗಳಲ್ಲಿ.

ಲಾಭವನ್ನು ಸರಿಪಡಿಸಿದ ಬಗೆ

ಮೌಲ್ಯಮಾಪಕರು ಮೊದಲು ಕೇಳಿದ ಪ್ರಶ್ನೆ ಗುಣಕ (ಲಾಭವನ್ನು ಬೆಲೆಯಾಗಿಸಲು ಗುಣಿಸುವ ಅಂಕಿ) ಎಷ್ಟೆಂಬುದಲ್ಲ. ಮಾಲೀಕರೂ ಅವರ ಪತ್ನಿಯೂ ನಾಳೆ ಬಾರದಿದ್ದರೆ, ಅವರು ಮಾಡುತ್ತಿದ್ದ ಕೆಲಸವನ್ನೆಲ್ಲ ಸಂಬಳ ಕೊಟ್ಟು ಮಾಡಿಸಿದ ಮೇಲೆ ಈ ಕಂಪನಿಯಲ್ಲಿ ಎಷ್ಟು ಉಳಿಯುತ್ತದೆ ಎಂದು ಅವರು ಕೇಳಿದರು. ಕೊಳ್ಳುವವರು ಹಣ ಕೊಡುವುದು ಆ ಉಳಿಕೆಗೆ. ಖಾಸಗಿ ಉದ್ಯಮದ ಲೆಕ್ಕಪುಸ್ತಕ ಬಹುಮಟ್ಟಿಗೆ ತೆರಿಗೆಯನ್ನೂ ಕುಟುಂಬದ ಅನುಕೂಲವನ್ನೂ ನೋಡಿ ಬರೆದದ್ದಾದ್ದರಿಂದ ಈ ಪ್ರಶ್ನೆಗೆ ಅದರಲ್ಲಿ ನೇರ ಉತ್ತರ ಸಿಗುವುದಿಲ್ಲ.

ಮಾಲೀಕರು ಕೂಡಿಸಿದ್ದರಲ್ಲಿ ಸ್ವಂತ ಖರ್ಚು, ಬಂಧುವಿನ ಸಂಬಳ, ವ್ಯಾಜ್ಯದ ಪರಿಹಾರ ಈ ಮೂರನ್ನೂ ದಾಖಲೆ ನೋಡಿ ಒಪ್ಪಲಾಯಿತು, ಒಟ್ಟು 28. ಆದರೆ ಒಮ್ಮೆ ಮಾತ್ರ ಆದ ಖರ್ಚನ್ನು ಕೂಡಿಸಿಕೊಳ್ಳುವವರು ಒಮ್ಮೆ ಮಾತ್ರ ಬಂದ ಆದಾಯವನ್ನು ಕಳೆಯಲೇಬೇಕು. ಹಳೆಯ ಯಂತ್ರವೊಂದನ್ನು ಮಾರಿದ್ದರಿಂದ ಬಂದ 7 ಲಕ್ಷದ ಲಾಭ ಅದೇ ವರ್ಷದ ಪುಸ್ತಕದಲ್ಲಿತ್ತು. ಅದನ್ನು ತೆಗೆಯಲಾಯಿತು.

ದೊಡ್ಡ ತಿದ್ದುಪಡಿ ಮಾಲೀಕರ ಸಂಬಳದ್ದು. ಅವರು ಪಡೆಯುತ್ತಿದ್ದುದು 12. ಅವರ ಜಾಗಕ್ಕೆ ತಾಂತ್ರಿಕ ಅನುಭವವುಳ್ಳ ವ್ಯವಸ್ಥಾಪಕರನ್ನು ನೇಮಿಸಿಕೊಂಡರೆ ಕೊಡಬೇಕಾದದ್ದು 30. ಆ 12ನ್ನು ಲಾಭಕ್ಕೆ ಕೂಡಿಸುವ ಬದಲು 18ನ್ನು ಲಾಭದಿಂದ ಕಳೆಯಬೇಕಾಯಿತು. ಪತ್ನಿಯ ಕೆಲಸಕ್ಕೆ ಲೆಕ್ಕಿಗರನ್ನು ಇಟ್ಟರೆ 6. ಕಟ್ಟಡಕ್ಕೆ ಆ ಜಾಗದಲ್ಲಿ ನಡೆಯುವ ಬಾಡಿಗೆ 18; ಕಂಪನಿ ಕೊಡುತ್ತಿದ್ದುದು 6; ವ್ಯತ್ಯಾಸ 12. ಕೂಡಿದ್ದು 28, ಕಳೆದದ್ದು 43. ಸರಿಪಡಿಸಿದ ಸವಕಳಿಪೂರ್ವ ಲಾಭ 101ಕ್ಕೆ ಇಳಿಯಿತು.

ಮಾಲೀಕರ ಸಂಬಳವನ್ನೂ ಕೂಡಿಸಿಕೊಂಡು ಲಾಭ ತೋರಿಸುವ ಪದ್ಧತಿಯೇ ಇಲ್ಲವೆಂದಲ್ಲ. ಒಬ್ಬರೇ ಕೂತು ನಡೆಸುವ ಸಣ್ಣ ವ್ಯಾಪಾರಗಳನ್ನು ಹಾಗೆಯೇ ಮಾರುತ್ತಾರೆ, ಏಕೆಂದರೆ ಅಲ್ಲಿ ಕೊಳ್ಳುವವರು ತಮಗೊಂದು ಉದ್ಯೋಗವನ್ನೂ ಸೇರಿಸಿ ಕೊಳ್ಳುತ್ತಾರೆ. ಆದರೆ ಆ ಲಾಭಕ್ಕೆ ಹಚ್ಚುವ ಗುಣಕವೂ ಚಿಕ್ಕದು. ಒಂದು ಬಗೆಯ ಲಾಭವನ್ನು ಇನ್ನೊಂದು ಬಗೆಯ ಲಾಭಕ್ಕೆಂದು ಇರುವ ಗುಣಕದಿಂದ ಗುಣಿಸಿದಾಗ ಬರುವ ಮೊತ್ತ ಯಾವ ಮಾರುಕಟ್ಟೆಯಲ್ಲೂ ನಿಲ್ಲದು, ಮತ್ತು ಮಾರುವವರ ನಿರಾಶೆಗೆ ಇದಕ್ಕಿಂತ ಸಾಮಾನ್ಯವಾದ ಕಾರಣ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ.

ಬಾಡಿಗೆಯ ವಿಷಯದಲ್ಲಿ ಮಾಲೀಕರಿಗೆ ಹೆಚ್ಚು ನೋವಾಯಿತು. ತಮ್ಮದೇ ಕಟ್ಟಡಕ್ಕೆ ಕಡಿಮೆ ಬಾಡಿಗೆ ಪಡೆದು ಕಂಪನಿಗೆ ಉಪಕಾರ ಮಾಡಿದ್ದಕ್ಕೆ ಈಗ ಬೆಲೆ ಇಳಿಸುವುದು ನ್ಯಾಯವೇ ಎಂದು ಅವರು ಕೇಳಿದರು. ಉತ್ತರವನ್ನು ಲೆಕ್ಕದಲ್ಲೇ ನೋಡಬೇಕು. ಮುಂದೆ ಬರುವ ವಿಧಾನದಂತೆ ವರ್ಷಕ್ಕೆ 12ರ ಹೆಚ್ಚಿನ ಬಾಡಿಗೆ ಕಂಪನಿಯ ಬೆಲೆಯನ್ನು ಸುಮಾರು 58ರಷ್ಟು ತಗ್ಗಿಸುತ್ತದೆ. ಆದರೆ ಆ 12 ಇನ್ನು ಮುಂದೆ ಪ್ರತಿವರ್ಷ ಬಂದು ಸೇರುವುದು ಕಟ್ಟಡದ ಒಡೆಯರಾದ ಅವರಿಗೇ. ಕಂಪನಿಯಲ್ಲಿ ಅಡಗಿದ್ದ ಒಂದು ತುಂಡು ಮೌಲ್ಯ ಕಟ್ಟಡಕ್ಕೆ ಮರಳಿತೇ ಹೊರತು ಅವರ ಕೈ ತಪ್ಪಿ ಹೋಗಲಿಲ್ಲ. ಕಟ್ಟಡವನ್ನೂ ಸೇರಿಸಿ ಮಾರುವುದಾಗಿದ್ದರೆ ಅದನ್ನು ಬೇರೆಯೇ ಆಸ್ತಿಯಾಗಿ ಬೆಲೆ ಕಟ್ಟಿ, ಬಾಡಿಗೆ ಕಳೆದ ಮೇಲಿನ ಕಂಪನಿಯ ಬೆಲೆಗೆ ಸೇರಿಸಬೇಕಾಗುತ್ತಿತ್ತು. ಬಾಡಿಗೆಯಿಲ್ಲದ ಲಾಭಕ್ಕೆ ಗುಣಕ ಹಚ್ಚಿ, ಅದರ ಮೇಲೆ ಕಟ್ಟಡದ ಬೆಲೆಯನ್ನೂ ಕೂಡಿಸಿದರೆ ಒಂದೇ ಆಸ್ತಿಗೆ ಎರಡು ಬಾರಿ ಹಣ ಕೇಳಿದಂತಾಗುತ್ತದೆ.

ಇನ್ನೊಂದು ಮಾತನ್ನೂ ದಾಖಲಿಸಬೇಕು. ವರ್ಷಕ್ಕೆ 15ರಷ್ಟು ದುರಸ್ತಿಯ ಆದಾಯ ಪುಸ್ತಕಕ್ಕೆ ಬಾರದೆ ನಗದಾಗಿ ಬರುತ್ತದೆ, ಅದನ್ನೂ ಲಾಭಕ್ಕೆ ಸೇರಿಸಬೇಕು ಎಂದು ಮಾಲೀಕರು ಹೇಳಿದರು. ಮೌಲ್ಯಮಾಪಕರು ಸೇರಿಸಲಿಲ್ಲ. ದಾಖಲೆಯಿಲ್ಲದ ಆದಾಯವನ್ನು ಕೊಳ್ಳುವವರು ಪರೀಕ್ಷಿಸಲಾರರು, ಸಾಲ ಕೊಡುವ ಬ್ಯಾಂಕು ಒಪ್ಪಲಾರದು. ಮೇಲಾಗಿ ಅಂಥ ಹೇಳಿಕೆ ಉಳಿದ ಪುಸ್ತಕದ ಮೇಲಿನ ನಂಬಿಕೆಯನ್ನೂ ಕೆಡಿಸಿ, ಹಳೆಯ ತೆರಿಗೆಯ ಹೊಣೆಯೊಂದನ್ನು ಮಾತುಕತೆಯ ಮೇಜಿಗೆ ತರುತ್ತದೆ. ತೆರಿಗೆ ತಪ್ಪಿಸಿ ಉಳಿಸಿದ ಹಣವನ್ನು ಮಾರಾಟದ ಬೆಲೆಯಲ್ಲಿ ಮತ್ತೊಮ್ಮೆ ಪಡೆಯಲಾಗುವುದಿಲ್ಲ.

ಮೂರು ವರ್ಷಗಳಲ್ಲಿ ಯಾವುದು?

ಇದೇ ತಿದ್ದುಪಡಿಗಳನ್ನು ಹಿಂದಿನ ಎರಡು ವರ್ಷಗಳಿಗೂ ಮಾಡಿದಾಗ ಮೂರು ವರ್ಷಗಳ ಸವಕಳಿಪೂರ್ವ ಲಾಭ 82, 90, 101 ಎಂದಾಯಿತು. ಏರುತ್ತಿರುವ ಉದ್ಯಮಕ್ಕೆ ಕೊನೆಯ ವರ್ಷದ ಅಂಕಿಯೇ ಸಾಕೆಂದು ಮಾರುವವರು ಹೇಳುವುದು ಸಹಜ. ಆದರೆ ಏರಿಕೆ ಎಲ್ಲಿಂದ ಬಂತೆಂದು ನೋಡಿದಾಗ, ಒಬ್ಬ ದೊಡ್ಡ ಗ್ರಾಹಕರ ಪಾಲು ಮಾರಾಟದ 27 ಶೇಕಡಾದಿಂದ 38 ಶೇಕಡಾಕ್ಕೆ ಏರಿತ್ತು. ಉಳಿದ ಗ್ರಾಹಕರ ಒಟ್ಟು ಖರೀದಿ ಸ್ವಲ್ಪ ಇಳಿದೇ ಇತ್ತು. ಹಾಗಾಗಿ ಮೂರು ವರ್ಷಗಳಿಗೆ ಕ್ರಮವಾಗಿ 1, 2, 3 ತೂಕ ಕೊಟ್ಟು 94 ಎಂಬ ಅಂಕಿಯನ್ನು ಇಟ್ಟುಕೊಳ್ಳಲಾಯಿತು. ಈ ತೂಕದ ಸರಾಸರಿಯಲ್ಲಿ ಪವಿತ್ರವಾದದ್ದೇನೂ ಇಲ್ಲ. ಏರಿಕೆ ಹಲವು ಗ್ರಾಹಕರಿಂದ ಬಂದಿದ್ದರೆ 101ನ್ನೇ ಇಟ್ಟುಕೊಳ್ಳುವುದು ಸರಿಯಾಗುತ್ತಿತ್ತು.

ಲಾಭದಿಂದ ಬೆಲೆಗೆ

ಸವಕಳಿಪೂರ್ವ ಲಾಭ ಕೊಳ್ಳುವವರ ಜೇಬಿಗೆ ಬರುವ ಹಣವಲ್ಲ. 94ರಿಂದ ಸವಕಳಿ 22 ಕಳೆದರೆ ತೆರಿಗೆಗೆ ಒಳಪಡುವ ಲಾಭ 72. 25 ಶೇಕಡಾ ದರದಲ್ಲಿ ತೆರಿಗೆ 18. ಯಂತ್ರಗಳನ್ನು ಸುಸ್ಥಿತಿಯಲ್ಲಿಡಲು ವರ್ಷಕ್ಕೆ ನಿಜವಾಗಿ ಬೇಕಾಗುವ ಬಂಡವಾಳ ವೆಚ್ಚ 24. ಮಾರಾಟ ಬೆಳೆದಂತೆ ದಾಸ್ತಾನಿನಲ್ಲೂ ಗ್ರಾಹಕರ ಬಾಕಿಯಲ್ಲೂ ಸಿಕ್ಕಿಕೊಳ್ಳುವ ಹೆಚ್ಚುವರಿ ದುಡಿಯುವ ಬಂಡವಾಳ 6. ಉಳಿಯುವ ನಗದು 46.

ಈ 46 ಪ್ರತಿವರ್ಷ ಬರುತ್ತದೆಂದೂ ಹಣದುಬ್ಬರದ ಮಟ್ಟದಲ್ಲಿ, ಅಂದರೆ 4 ಶೇಕಡಾ, ಬೆಳೆಯುತ್ತದೆಂದೂ ಭಾವಿಸಿದರೆ, ಮುಂದಿನ ವರ್ಷದ ನಗದನ್ನು ನಿರೀಕ್ಷಿತ ಪ್ರತಿಫಲದ ದರಕ್ಕೂ ಬೆಳವಣಿಗೆಯ ದರಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿ ಬೆಲೆ ಕಂಡುಕೊಳ್ಳಬಹುದು. ಷೇರುಗಳ ಲಾಭಾಂಶಕ್ಕೆ ಸಂಬಂಧಿಸಿದಂತೆ 1950ರ ದಶಕದಲ್ಲಿ ಮೈರನ್ ಗಾರ್ಡನ್ ಅವರ ಬರಹಗಳಿಂದ ಹೆಸರಾದ ಸೂತ್ರವೇ ಇದು. ಸೂತ್ರ ಸರಳ, ಕಷ್ಟವಿರುವುದು ದರವನ್ನು ನಿರ್ಧರಿಸುವುದರಲ್ಲಿ. ಪಟ್ಟಿಯಾದ ಕಂಪನಿಗಳ ಅಪಾಯವನ್ನು ಅವುಗಳ ಷೇರುಬೆಲೆಯ ಏರಿಳಿತದಿಂದ ಅಳೆಯಬಹುದು. ಖಾಸಗಿ ಕಂಪನಿಗೆ ಷೇರುಬೆಲೆಯೇ ಇಲ್ಲವಾದ್ದರಿಂದ, ಅಪಾಯವಿಲ್ಲದ ಸರ್ಕಾರಿ ಸಾಲಪತ್ರದ ಬಡ್ಡಿಯಿಂದ ಆರಂಭಿಸಿ, ಷೇರು ಹೂಡಿಕೆಗೆಂದು ಒಂದಿಷ್ಟು, ಗಾತ್ರ ಚಿಕ್ಕದೆಂದು ಇನ್ನೊಂದಿಷ್ಟು, ಈ ಕಂಪನಿಗೇ ವಿಶಿಷ್ಟವಾದ ಅಪಾಯಗಳಿಗೆಂದು ಮತ್ತೊಂದಿಷ್ಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಕೂಡಿಸುತ್ತಾರೆ. ಕೊನೆಯ ಮೆಟ್ಟಿಲು ಪೂರ್ತಿಯಾಗಿ ಮೌಲ್ಯಮಾಪಕರ ವಿವೇಚನೆಗೆ ಬಿಟ್ಟದ್ದು. ವರದಿಯನ್ನು ಓದುವವರು ಅಲ್ಲಿ ಬರೆದ ಕಾರಣಗಳನ್ನು ಒಂದೊಂದಾಗಿ ಕೇಳಿ ತಿಳಿಯಬೇಕು.

ಇಲ್ಲಿ ದರ 20 ಶೇಕಡಾ ಎಂದಾಯಿತು. 46ಕ್ಕೆ 4 ಶೇಕಡಾ ಸೇರಿಸಿದರೆ 47.84, ಅದನ್ನು 16 ಶೇಕಡಾದಿಂದ ಭಾಗಿಸಿದರೆ 299. ದರವನ್ನು 18 ಎಂದಿಟ್ಟರೆ ಬೆಲೆ 342, 22 ಎಂದಿಟ್ಟರೆ 266. ದರದಲ್ಲಿ ಎರಡು ಅಂಶ ಆಚೀಚೆಯಾದರೆ ಬೆಲೆ ಇಷ್ಟು ಅಲುಗುತ್ತದೆಯಾದ್ದರಿಂದ, ಒಂದೇ ಅಂಕಿಯನ್ನು ದಶಮಾಂಶದವರೆಗೆ ಬರೆದುಕೊಡುವ ವರದಿಗಿಂತ ವ್ಯಾಪ್ತಿಯನ್ನು ಹೇಳಿ ಅದರೊಳಗೆ ಒಂದು ಬಿಂದುವನ್ನು ಸಮರ್ಥಿಸುವ ವರದಿಯೇ ಪ್ರಾಮಾಣಿಕವಾದದ್ದು.

ಮಾಲೀಕರ 936ಕ್ಕೂ ಈ 299ಕ್ಕೂ ಅಂತರ 637. ಇದನ್ನು ಬಿಡಿಸಿ ನೋಡಿದರೆ ಪ್ರಕರಣದ ತಿರುಳು ಕಾಣುತ್ತದೆ. 299 ಎಂದರೆ 94ರ ಸುಮಾರು 3.2 ಪಟ್ಟು. ಗುಣಕವನ್ನು ಆರರಲ್ಲೇ ಬಿಟ್ಟು ಲಾಭವನ್ನಷ್ಟೇ 156ರಿಂದ 94ಕ್ಕೆ ಇಳಿಸಿದರೂ 372 ಕಡಿಮೆಯಾಗುತ್ತದೆ. ಉಳಿದ 265 ಮಾತ್ರ ಗುಣಕದ ವ್ಯತ್ಯಾಸ. ಎರಡು ತಿಂಗಳು ಎರಡೂ ಕಡೆಯವರು ಆರು ಪಟ್ಟೋ ಮೂರು ಪಟ್ಟೋ ಎಂದು ಎಳೆದಾಡಿದ್ದರು. ಅದಕ್ಕಿಂತ ದೊಡ್ಡ ಅಂತರ ಯಾವುದರ ಪಟ್ಟು ಎಂಬುದರಲ್ಲಿತ್ತು.

ಬೇರೆ ದಾರಿಗಳಿಂದ ಪರೀಕ್ಷೆ

ಅಮೆರಿಕದ ತೆರಿಗೆ ಇಲಾಖೆ 1959ರಲ್ಲಿ ಹೊರಡಿಸಿದ 59-60 ಸಂಖ್ಯೆಯ ಆದೇಶ, ಮಾರುಕಟ್ಟೆಯಿಲ್ಲದ ಷೇರುಗಳಿಗೆ ಬೆಲೆ ಕಟ್ಟುವಾಗ ನೋಡಬೇಕಾದ ಎಂಟು ಅಂಶಗಳನ್ನು ಹೆಸರಿಸುತ್ತದೆ. ಸಂಸ್ಥೆಯ ಸ್ವರೂಪ ಮತ್ತು ಇತಿಹಾಸ, ಆರ್ಥಿಕ ವಾತಾವರಣ, ಪುಸ್ತಕ ಮೌಲ್ಯ, ಗಳಿಕೆಯ ಶಕ್ತಿ, ಲಾಭಾಂಶ ಕೊಡುವ ಶಕ್ತಿ, ಗುಡ್‌ವಿಲ್ (ಉದ್ಯಮದ ಹೆಸರಿನಿಂದ ಬರುವ ಮೌಲ್ಯ), ಹಿಂದಿನ ಷೇರು ಮಾರಾಟಗಳು, ಹೋಲುವ ಪಟ್ಟಿಯಾದ ಕಂಪನಿಗಳ ಬೆಲೆ ಇವೇ ಆ ಎಂಟು. ಎಲ್ಲ ಪ್ರಕರಣಕ್ಕೂ ಹೊಂದುವ ಒಂದೇ ಸೂತ್ರವಿಲ್ಲವೆಂದು ಆ ಆದೇಶವೇ ಒಪ್ಪಿಕೊಳ್ಳುತ್ತದೆ. ಒತ್ತಾಯವಿಲ್ಲದ, ವಿಷಯ ತಿಳಿದ ಕೊಳ್ಳುವವರೂ ಮಾರುವವರೂ ಒಪ್ಪುವ ಬೆಲೆಯೇ ನ್ಯಾಯಯುತ ಮಾರುಕಟ್ಟೆ ಮೌಲ್ಯ ಎಂಬ ಅದರ ವ್ಯಾಖ್ಯೆ ತೆರಿಗೆಯಾಚೆಗೂ ಬಳಕೆಯಲ್ಲಿದೆ.

ಆಸ್ತಿಯ ದಾರಿಯಿಂದ ನೋಡಿದಾಗ ಬ್ಯಾಲೆನ್ಸ್ ಶೀಟಿನಲ್ಲಿ ಯಂತ್ರಗಳು 95, ದಾಸ್ತಾನು 120, ಬರಬೇಕಾದ ಬಾಕಿ 150, ನಗದು 30 ಇದ್ದವು. ಕೊಡಬೇಕಾದ ಬಾಕಿ 85, ಬ್ಯಾಂಕ್ ಸಾಲ 70, ಮಾಲೀಕರು ಕಂಪನಿಗೆ ಕೊಟ್ಟ ಸಾಲ 20. ನಿವ್ವಳ ಮೌಲ್ಯ 220. ಯಂತ್ರಗಳ ಮಾರುಕಟ್ಟೆ ಬೆಲೆ ಪುಸ್ತಕಕ್ಕಿಂತ ಹೆಚ್ಚಾಗಿ 110 ಎಂದು ಬಂತು. ದಾಸ್ತಾನಿನಲ್ಲಿ ವರ್ಷಗಳಿಂದ ಕದಲದ 25ರ ಮಾಲನ್ನೂ ಬಾಕಿಯಲ್ಲಿ ವಸೂಲಾಗದ 12ನ್ನೂ ತೆಗೆಯಬೇಕಾಯಿತು. ಕೆಲಸಗಾರರ ನಿವೃತ್ತಿ ಮತ್ತು ರಜೆಯ ಹಣಕ್ಕೆ ಸಂಬಂಧಿಸಿದ 22ರ ಹೊಣೆ ಪುಸ್ತಕದಲ್ಲೇ ಇರಲಿಲ್ಲ. ಇವೆಲ್ಲವುಗಳ ಬಳಿಕ ನಿವ್ವಳ ಮೌಲ್ಯ 176. ಸಾಲವನ್ನೂ ನಗದನ್ನೂ ಪಕ್ಕಕ್ಕಿಟ್ಟು ವ್ಯವಹಾರಕ್ಕೆ ಬೇಕಾದ ಆಸ್ತಿಗಳನ್ನಷ್ಟೇ ಲೆಕ್ಕ ಹಾಕಿದರೆ 258. ಅಂದರೆ 299ರಲ್ಲಿ ಗುಡ್‌ವಿಲ್ ಎನ್ನಬಹುದಾದದ್ದು 41 ಮಾತ್ರ. 26 ವರ್ಷಗಳ ಹೆಸರಿಗೆ ಇಷ್ಟೇ ಬೆಲೆಯೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಹೆಸರು ನಿಜ, ಅದರ ಬೆಲೆಯೂ ನಿಜ. ಆದರೆ ಆ ಹೆಸರಿನ ಬಹುಪಾಲು ಮಾಲೀಕರ ವ್ಯಕ್ತಿಗತ ಹೆಸರು, ಕರಾರಿಗೆ ಸಹಿ ಹಾಕಿದ ಮಾತ್ರಕ್ಕೆ ಅದು ಇನ್ನೊಬ್ಬರಿಗೆ ದಾಟುವುದಿಲ್ಲ.

ಗುಡ್‌ವಿಲ್‌ಗೆ ಪ್ರತ್ಯೇಕವಾಗಿ ಬೆಲೆ ಕಟ್ಟುವ ಒಂದು ಹಳೆಯ ಕ್ರಮವಿದೆ. ಅಮೆರಿಕದಲ್ಲಿ ಮದ್ಯ ನಿಷೇಧದಿಂದ ಮುಚ್ಚಿದ ಬಿಯರ್ ಮತ್ತು ಮದ್ಯ ತಯಾರಕರು ಕಳೆದುಕೊಂಡ ಗುಡ್‌ವಿಲ್‌ ಅನ್ನು ಲೆಕ್ಕ ಹಾಕಲು 1920ರಲ್ಲಿ ಅಲ್ಲಿನ ಖಜಾನೆ ಇಲಾಖೆ ಅದನ್ನು ಮುಂದಿಟ್ಟಿತು. ಮೂರ್ತ ಆಸ್ತಿಗೆ ತಕ್ಕ ಸಾಧಾರಣ ಪ್ರತಿಫಲವನ್ನು ಲಾಭದಿಂದ ಕಳೆದು, ಮಿಕ್ಕಿದ್ದನ್ನು ಗುಡ್‌ವಿಲ್‌ನ ಗಳಿಕೆಯೆಂದು ಎಣಿಸುವುದು ಅದರ ಕ್ರಮ. 1968ರಲ್ಲಿ ತೆರಿಗೆ ಇಲಾಖೆಯೇ, ಇದಕ್ಕಿಂತ ಉತ್ತಮ ಆಧಾರ ಇಲ್ಲದಿದ್ದಾಗ ಮಾತ್ರ ಇದನ್ನು ಬಳಸಬೇಕೆಂದು ಹೇಳಿತು. ನಗದಿನ ಅಂದಾಜು ಇಷ್ಟು ಸ್ಪಷ್ಟವಾಗಿರುವಾಗ ಇಲ್ಲಿ ಅದರ ಅಗತ್ಯ ಬೀಳಲಿಲ್ಲ.

ಮಾರುಕಟ್ಟೆಯ ದಾರಿಯಲ್ಲಿ, ಹೋಲುವ ಗಾತ್ರದ ಕೆಲವು ಖಾಸಗಿ ಮಾರಾಟಗಳು ಸವಕಳಿಪೂರ್ವ ಲಾಭದ 2.8ರಿಂದ 4.1 ಪಟ್ಟಿನವರೆಗೆ ಆಗಿದ್ದವು. 94ಕ್ಕೆ ಹಚ್ಚಿದರೆ 263ರಿಂದ 385. ಪರಿಚಿತರ ಆರು ಪಟ್ಟಿನ ಮಾರಾಟವನ್ನು ಕೆದಕಿದಾಗ ಮೂರು ಸಂಗತಿಗಳು ಹೊರಬಂದವು: ಆ ಬೆಲೆಯಲ್ಲಿ ಕಟ್ಟಡವೂ ಸೇರಿತ್ತು, ಆದಾಯದ ಬಹುಭಾಗ ವಾರ್ಷಿಕ ನಿರ್ವಹಣಾ ಕರಾರುಗಳಿಂದ ಬರುತ್ತಿತ್ತು, ಮತ್ತು ಮೊತ್ತದ ಮೂರರಲ್ಲೊಂದು ಭಾಗ ಮುಂದಿನ ಲಾಭ ನೋಡಿ ಕೊಡತಕ್ಕದ್ದಾಗಿತ್ತು. ಖಾಸಗಿ ಮಾರಾಟದ ಸುದ್ದಿ ಕಿವಿಗೆ ಬೀಳುವಾಗ ದೊಡ್ಡ ಅಂಕಿ ಮಾತ್ರ ಬೀಳುತ್ತದೆ, ಷರತ್ತುಗಳು ಬೀಳುವುದಿಲ್ಲ.

ಒಬ್ಬ ಗ್ರಾಹಕರ ಪ್ರಶ್ನೆ

ಮಾರಾಟದ 38 ಶೇಕಡಾ ಒಬ್ಬರಿಂದ ಬರುವುದು, ಅವರೊಡನೆ ದೀರ್ಘ ಕರಾರಿಲ್ಲದಿರುವುದು, ಸಂಬಂಧ ಪೂರ್ತಿಯಾಗಿ ಮಾಲೀಕರ ಮೂಲಕ ಇರುವುದು ಈ ಪ್ರಕರಣದ ಅತಿ ದೊಡ್ಡ ಅಪಾಯ. 20 ಶೇಕಡಾ ದರದಲ್ಲಿ 3 ಅಂಶಗಳನ್ನು ಇದಕ್ಕಾಗಿಯೇ ಸೇರಿಸಲಾಗಿತ್ತು. ಈ ಅಪಾಯವಿಲ್ಲದಿದ್ದರೆ ದರ 17 ಆಗಿ ಬೆಲೆ 368ಕ್ಕೆ ಏರುತ್ತಿತ್ತು. ಒಬ್ಬ ಗ್ರಾಹಕರ ಅನಿಶ್ಚಯಕ್ಕೆ 69 ಲಕ್ಷದ ಬೆಲೆ.

ಕೊಳ್ಳುವವರ ಕಡೆಯ ಸಲಹೆಗಾರರು ದರದಲ್ಲಿ ಈ ಅಪಾಯವನ್ನು ಎಣಿಸಿದ ಮೇಲೂ ಬಂದ ಬೆಲೆಯಿಂದ 15 ಶೇಕಡಾ ಮತ್ತೆ ಕಡಿತ ಕೇಳಿದರು. ಒಂದೇ ಅಪಾಯಕ್ಕೆ ಎರಡು ದಂಡ ಹಾಕುವ ಈ ರೂಢಿಯನ್ನು ಎಲ್ಲಿ ಕಂಡರೂ ವಿರೋಧಿಸಬೇಕು. ಅಪಾಯವನ್ನು ನಗದಿನ ಅಂದಾಜಿನಲ್ಲಿ ಎಣಿಸಬಹುದು, ದರದಲ್ಲಿ ಎಣಿಸಬಹುದು, ಇಲ್ಲವೇ ಪಾವತಿಯ ಷರತ್ತಿನಲ್ಲಿ ಎಣಿಸಬಹುದು. ಒಮ್ಮೆ ಒಂದೆಡೆ ಎಣಿಸಿದ್ದನ್ನು ಇನ್ನೊಂದೆಡೆ ಎಣಿಸಬಾರದು. ವಾದ ಮುಂದುವರಿದು ಕೊನೆಗೆ ಪಾವತಿಯ ಷರತ್ತಿನ ದಾರಿಯೇ ಆಯ್ಕೆಯಾಯಿತು, ಏಕೆಂದರೆ ಗ್ರಾಹಕರು ಉಳಿಯುತ್ತಾರೆಂದು ಮಾಲೀಕರಿಗೆ ದೃಢವಾದ ನಂಬಿಕೆಯಿತ್ತು, ಕೊಳ್ಳುವವರಿಗೆ ಇರಲಿಲ್ಲ. ಭವಿಷ್ಯದ ಬಗ್ಗೆ ಒಮ್ಮತವಿಲ್ಲದಾಗ ಆ ಭವಿಷ್ಯ ಬಂದ ಮೇಲೆ ಲೆಕ್ಕ ತೀರಿಸುವುದಕ್ಕಿಂತ ನ್ಯಾಯವಾದ ಉಪಾಯ ಕಾಣದು.

ಇಬ್ಬರು ಕೊಳ್ಳುವವರು ಮತ್ತು ತಮ್ಮನ ಪಾಲು

ಮುಂದೆ ಬಂದವರಲ್ಲಿ ಒಬ್ಬರು ಇದೇ ಕ್ಷೇತ್ರದಲ್ಲಿ ವ್ಯವಸ್ಥಾಪಕರಾಗಿದ್ದವರು. ಅವರು 300 ಕೊಡಲು ಸಿದ್ಧರಿದ್ದರೂ ಅರ್ಧವನ್ನು ಬ್ಯಾಂಕಿನಿಂದ ತರಬೇಕಿತ್ತು. 12 ಶೇಕಡಾ ಬಡ್ಡಿಗೆ ಐದು ವರ್ಷಗಳಲ್ಲಿ 150ನ್ನು ತೀರಿಸಲು ವರ್ಷಕ್ಕೆ 41.6 ಬೇಕು; ಬಡ್ಡಿಯಿಂದ ಉಳಿಯುವ ತೆರಿಗೆ ಸೇರಿ ಕಂಪನಿಯ ಮೊದಲ ವರ್ಷದ ನಗದು 50.5. ಅನುಪಾತ 1.21, ಬ್ಯಾಂಕು ಕೇಳಿದ್ದು 1.25. ಹಾಗಾಗಿ ಅವರ ಕೊಡುಗೆ 285ಕ್ಕೆ ಇಳಿಯಿತು. ಸಾಲದಿಂದ ಕೊಳ್ಳುವವರ ಬೆಲೆಗೆ ಮೇಲ್ಮಿತಿ ಹಾಕುವುದು ಅನೇಕ ವೇಳೆ ಈ ಅನುಪಾತವೇ.

ಇನ್ನೊಬ್ಬರು ಇದೇ ಕ್ಷೇತ್ರದ ದೊಡ್ಡ ಕಂಪನಿ. ಅವರಲ್ಲಿ ಲೆಕ್ಕ ವಿಭಾಗವಿದೆ, ಕಚ್ಚಾಮಾಲನ್ನು ಅಗ್ಗವಾಗಿ ತರುವ ಶಕ್ತಿಯಿದೆ. ವರ್ಷಕ್ಕೆ 14 ಉಳಿಸಬಲ್ಲರು. ತೆರಿಗೆ ಕಳೆದು ಅದೇ ಸೂತ್ರ ಹಚ್ಚಿದರೆ ಆ ಉಳಿತಾಯದ ಮೌಲ್ಯ 68. ಈ ಕಂಪನಿ ಅವರಿಗೆ 367ರಷ್ಟು ಬಾಳುತ್ತದೆಂದು ಅರ್ಥ. ಅದು ಅವರೊಬ್ಬರಿಗೆ ಮಾತ್ರ ಇರುವ ಮೌಲ್ಯ, ಮಾರುಕಟ್ಟೆಯದಲ್ಲ. ಅದರಲ್ಲಿ ಎಷ್ಟು ಪಾಲು ಮಾರುವವರಿಗೆ ಸಿಗುತ್ತದೆ ಎಂಬುದು ಪೈಪೋಟಿಯಲ್ಲಿರುವ ಇನ್ನೊಬ್ಬ ಕೊಳ್ಳುವವರು ಎಷ್ಟು ಗಟ್ಟಿಯಾಗಿ ನಿಂತಿದ್ದಾರೆಂಬುದನ್ನು ಅವಲಂಬಿಸುತ್ತದೆ.

ನಡುವೆ ಮಾಲೀಕರು ತಮ್ಮನ 20 ಶೇಕಡಾವನ್ನು ಮಾರಾಟಕ್ಕೆ ಮುಂಚೆಯೇ 30 ಶೇಕಡಾ ಕಡಿತದಲ್ಲಿ ಕೊಂಡುಬಿಡುವ ಯೋಚನೆ ಮಾಡಿದರು. ನಿಯಂತ್ರಣವಿಲ್ಲದ, ಸುಲಭವಾಗಿ ಮಾರಲಾಗದ ಷೇರಿಗೆ ಕಡಿತ ಹಾಕುವುದಕ್ಕೆ ಆಧಾರವಿದೆ. ಮಾರಲು ನಿರ್ಬಂಧವಿರುವ ಷೇರುಗಳು ಅದೇ ಕಂಪನಿಯ ಮುಕ್ತ ಷೇರುಗಳಿಗಿಂತ ಸರಾಸರಿ ಕಾಲು ಭಾಗದಷ್ಟು ಕಡಿಮೆಗೆ ಮಾರಾಟವಾಗಿದ್ದವೆಂದು ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆಯ 1971ರ ಅಧ್ಯಯನ ತೋರಿಸಿತ್ತು. ಆದರೆ ಇಡೀ ಕಂಪನಿಯ ಮಾರಾಟ ಕಣ್ಣೆದುರಿಗೇ ಇರುವಾಗ ಆ ಷೇರು ಮಾರಲಾಗದ ಷೇರಲ್ಲ. ವಿಷಯ ತಿಳಿಯದ ಪಾಲುದಾರರಿಂದ ಹಾಗೆ ಕೊಳ್ಳುವುದು ಅನ್ಯಾಯ, ಮುಂದೆ ವ್ಯಾಜ್ಯಕ್ಕೂ ಕಾರಣ. ಮೌಲ್ಯಮಾಪಕರು ಇದನ್ನು ಬರಹದಲ್ಲೇ ತಿಳಿಸಿದರು. ಮಾಲೀಕರು ಯೋಚನೆ ಬಿಟ್ಟರು.

ಒಪ್ಪಂದ

ದೊಡ್ಡ ಕಂಪನಿಯೊಡನೆ ಆದ ಒಪ್ಪಂದದಲ್ಲಿ ಸಾಲವೂ ನಗದೂ ಇಲ್ಲದ ಆಧಾರದ ಮೇಲೆ ಮೂಲ ಬೆಲೆ 310. ಅದಕ್ಕೆ ನಗದು 30 ಸೇರಿಸಿ, ಬ್ಯಾಂಕ್ ಸಾಲ 70, ಕೆಲಸಗಾರರ ಹೊಣೆ 22, ಮಾಲೀಕರಿಗೆ ಮರಳಬೇಕಾದ ಸಾಲ 20 ಕಳೆದು ಷೇರುಗಳಿಗೆ ಉಳಿದದ್ದು 228. ಅದರಲ್ಲಿ ಮಾಲೀಕರಿಗೆ 182.4, ತಮ್ಮನಿಗೆ 45.6. ಕಟ್ಟಡಕ್ಕೆ ವರ್ಷಕ್ಕೆ 18ರಂತೆ ಏಳು ವರ್ಷಗಳ ಬಾಡಿಗೆ ಕರಾರು, ಮಾಲೀಕರಿಗೆ ಒಂದೂವರೆ ವರ್ಷದ ಸಂಬಳಸಹಿತ ಸಲಹೆಗಾರರ ಹುದ್ದೆ, ನಾಲ್ಕು ವರ್ಷ ಸ್ಪರ್ಧಿಸದಿರುವ ಮಾತು.

ದುಡಿಯುವ ಬಂಡವಾಳದ ಷರತ್ತನ್ನು ಬಹಳ ಮಂದಿ ಓದದೆ ದಾಟುತ್ತಾರೆ. ಹಸ್ತಾಂತರದ ದಿನ ದಾಸ್ತಾನು ಮತ್ತು ಬಾಕಿಗಳ ನಿವ್ವಳ ಮೊತ್ತ ಹನ್ನೆರಡು ತಿಂಗಳ ಸರಾಸರಿಯಾದ 150 ಇರಬೇಕೆಂದೂ, ಕಡಿಮೆಯಾದಷ್ಟು ಬೆಲೆಯಿಂದ ಕಳೆಯಬೇಕೆಂದೂ ಬರೆಯಲಾಗಿತ್ತು. ಆ ದಿನ ಅದು 133 ಇತ್ತು, ಏಕೆಂದರೆ ಕೊನೆಯ ವಾರಗಳಲ್ಲಿ ಮಾಲೀಕರು ಗ್ರಾಹಕರ ಬಾಕಿಯನ್ನು ಬೇಗ ಬೇಗ ವಸೂಲು ಮಾಡಿದ್ದರು. ಬೆಲೆಯಿಂದ 17 ಕಡಿತವಾಯಿತು. ಆದರೆ ವಸೂಲಾದ ಅದೇ 17 ನಗದಾಗಿ ಖಾತೆಯಲ್ಲಿದ್ದು ಮಾರುವವರ ಲೆಕ್ಕಕ್ಕೇ ಬಂದುದರಿಂದ ಯಾರಿಗೂ ನಷ್ಟವಾಗಲಿಲ್ಲ. ಷರತ್ತು ಇಲ್ಲದಿದ್ದರೆ ಕೊಳ್ಳುವವರು ಮೊದಲ ತಿಂಗಳೇ 17 ಲಕ್ಷವನ್ನು ಹೊಸದಾಗಿ ಹಾಕಬೇಕಾಗುತ್ತಿತ್ತು.

ದೊಡ್ಡ ಗ್ರಾಹಕರಿಗೆ ಸಂಬಂಧಿಸಿದ ಷರತ್ತಿನ ಪಾವತಿ ವರ್ಷಕ್ಕೆ 30ರಂತೆ ಎರಡು ವರ್ಷ, ಅದೂ ಷೇರಿನ ಪಾಲಿನಂತೆ ಅಣ್ಣ ತಮ್ಮಂದಿರಿಬ್ಬರಿಗೂ. ಅಳತೆಗೋಲಾಗಿ ಲಾಭವನ್ನು ಇಡದೆ ಆ ಗ್ರಾಹಕರ ಖರೀದಿಯನ್ನೇ ಇಡಬೇಕೆಂದು ಮಾಲೀಕರ ಕಡೆಯವರು ಪಟ್ಟು ಹಿಡಿದದ್ದು ಸರಿಯಾಗಿತ್ತು. ಮಾರಾಟದ ನಂತರ ಖರ್ಚುಗಳನ್ನು ನಿರ್ಧರಿಸುವವರು ಕೊಂಡವರಾದ್ದರಿಂದ ಲಾಭದ ಅಂಕಿ ಮಾರಿದವರ ಹತೋಟಿಯಲ್ಲಿರುವುದಿಲ್ಲ. ಖರೀದಿ 300 ದಾಟಿದರೆ ಪೂರ್ತಿ 30, 240ಕ್ಕಿಂತ ಕೆಳಗಿಳಿದರೆ ಏನೂ ಇಲ್ಲ, ನಡುವೆ ಇದ್ದರೆ ಅನುಪಾತದಂತೆ. ಮೊದಲ ವರ್ಷ ಆ ಗ್ರಾಹಕರ ಖರೀದಿ 312 ಆಗಿ 30 ಪೂರ್ತಿಯಾಗಿ ಸಂದಿತು. ಎರಡನೆಯ ವರ್ಷ ಅವರು ಯಾವ ಬಿಡಿಭಾಗಕ್ಕೂ ಒಬ್ಬರನ್ನೇ ನೆಚ್ಚಿಕೊಳ್ಳಬಾರದೆಂಬ ನಿಯಮ ತಂದು ಇನ್ನೊಬ್ಬ ಪೂರೈಕೆದಾರರನ್ನೂ ಸೇರಿಸಿಕೊಂಡರು. ಖರೀದಿ 262ಕ್ಕೆ ಇಳಿಯಿತು, ಸಂದಾಯವಾದದ್ದು 11. ಮೂಲ ಬೆಲೆಯೊಡನೆ ಇವೆರಡೂ ಸೇರಿ ಉದ್ಯಮಕ್ಕೆ ಬಂದ ಒಟ್ಟು ಬೆಲೆ 351.